ಮೊದಲ ರೇಂಜ್‌ಫೈಂಡರ್: ಸೆಲ್ ಸತ್ತರೂ ನಡೆಯುವಂಥದ್ದನ್ನೇ ಕೊಳ್ಳಿ

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಇದ್ದುಕೊಂಡು ಮೊದಲ ಸಲ ರೀಲು ಹಾಕುವ ರೇಂಜ್‌ಫೈಂಡರ್ ಕೊಳ್ಳುವವರಿಗೆ ನಮ್ಮ ಸಲಹೆ ಇಷ್ಟು: ಕ್ಯಾನನ್ ಕಂಪನಿಯ ಕ್ಯಾನೊನೆಟ್ ಕ್ಯೂಎಲ್17 ಜಿ-3, ಸೆಕೆಂಡ್ ಹ್ಯಾಂಡ್, ಅದೂ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿದ ಮೇಲೆ. ಇದಕ್ಕಿಂತ ಚೆಂದದ ಕ್ಯಾಮೆರಾಗಳಿವೆ, ದುಬಾರಿಯವೂ ಇವೆ. ಆದರೆ ಐವತ್ತು ವರ್ಷ ಹಳೆಯ ಯಂತ್ರವನ್ನು ಬಿಚ್ಚಿ ಸರಿಮಾಡುವ ಕೈ ಪಕ್ಕದ ಬೀದಿಯಲ್ಲಿ ಸಿಗುವುದಿಲ್ಲ. ಕೆಟ್ಟರೆ ಪಾರ್ಸಲ್ ಮಾಡಬೇಕು, ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಕೆಡುವ ಭಾಗ ಕಡಿಮೆ ಇರಬೇಕು, ಒಂದು ಭಾಗ ಕೆಟ್ಟರೂ ಉಳಿದದ್ದರಿಂದ ಫೋಟೋ ಬರಬೇಕು. ಆ ಲೆಕ್ಕದಲ್ಲಿ ಕ್ಯಾನೊನೆಟ್ ಗೆಲ್ಲುತ್ತದೆ.

ಮೊದಲು, ಇದು ನಿಮಗೆ ಬೇಕಾದ ಜಾತಿಯ ಕ್ಯಾಮೆರಾ ಹೌದೋ ಅಲ್ಲವೋ ನೋಡಿಕೊಳ್ಳಿ. ರೇಂಜ್‌ಫೈಂಡರ್‌ನಲ್ಲಿ ಲೆನ್ಸ್ ಮೂಲಕ ನೋಡುವುದಿಲ್ಲ. ಪಕ್ಕದ ಕಿಟಕಿಯಿಂದ ನೋಡುತ್ತೀರಿ. ನಡುವೆ ಹಳದಿ ಛಾಯೆಯ ಸಣ್ಣ ಚೌಕ ಕಾಣುತ್ತದೆ, ಅದನ್ನು ಪ್ಯಾಚ್ ಎನ್ನುತ್ತಾರೆ. ಪ್ಯಾಚ್‌ನೊಳಗೆ ಎರಡಾಗಿ ಕಾಣುವ ಬಿಂಬ ಲೆನ್ಸ್ ತಿರುಗಿಸಿದಂತೆ ಒಂದಾದರೆ ಫೋಕಸ್ ಕೂತಿತು ಎಂದರ್ಥ. ಲೆನ್ಸ್ ಮೂಲಕವೇ ತೋರಿಸುವ ಎಸ್ಎಲ್ಆರ್ ಕ್ಯಾಮೆರಾದಲ್ಲಿರುವಂತೆ ಕನ್ನಡಿ ಎದ್ದು ಬೀಳುವುದಿಲ್ಲವಾದ್ದರಿಂದ ಸದ್ದು ಕಡಿಮೆ, ಅದುರು ಕಡಿಮೆ. ಕೈ ಗಟ್ಟಿ ಇದ್ದರೆ 1/15 ಸೆಕೆಂಡಿನ ವೇಗದಲ್ಲೂ ಹೊಡೆಯಬಹುದು. ಆದರೆ ಕ್ಯಾನೊನೆಟ್ 0.8 ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಅದರ ಲೆನ್ಸ್ ಬದಲಿಸಲೂ ಬರುವುದಿಲ್ಲ. ಕುಂದವಾಡ ಕೆರೆಯ ಹಕ್ಕಿ, ಹೂವಿನ ಮೇಲಿನ ಚಿಟ್ಟೆ ಬೇಕು ಅನ್ನುವವರು ಎಸ್ಎಲ್ಆರ್ ಕೊಳ್ಳುವುದೇ ಸರಿ. ಮಂಡಿಪೇಟೆಯ ಗದ್ದಲ, ಬೆಣ್ಣೆ ದೋಸೆ ಹೋಟೆಲಿನ ಕಾವಲಿ ಮುಂದಿನ ಮುಖ, ಕೋಟೆಯ ಬಾಗಿಲುಗಳು ಬೇಕೆಂದರೆ ರೇಂಜ್‌ಫೈಂಡರ್‌ಗಿಂತ ಒಳ್ಳೆಯ ಸಲಕರಣೆ ಇಲ್ಲ.

ಹಳೇ ಸಾಮಾನಿನವರು, ಹಳೇ ಸ್ಟುಡಿಯೋದವರು ರೀಲು ಹಾಕುವ ಯಾವುದನ್ನಾದರೂ ಈ ಹೆಸರಿನಲ್ಲಿ ಮಾರಬಹುದು. ಯಾಷಿಕಾ ಎಂಎಫ್-2, ಕೊಡಾಕ್ ಕೆಬಿ-10, ಆಗ್ಫಾ ಕ್ಲಿಕ್-3 ಯಾವುವೂ ರೇಂಜ್‌ಫೈಂಡರ್ ಅಲ್ಲ. ಕಿಟಕಿಯಲ್ಲಿ ಕಣ್ಣಿಟ್ಟು ಲೆನ್ಸ್ ತಿರುಗಿಸಿ. ಪ್ಯಾಚ್‌ನೊಳಗಿನ ಬಿಂಬ ಅಡ್ಡಕ್ಕೆ ಸರಿಯಬೇಕು. ಸರಿಯದಿದ್ದರೆ ಅದು ಬೇರೆ ಜಾತಿ, ಇಲ್ಲವೇ ಕೆಟ್ಟಿರುವ ರೇಂಜ್‌ಫೈಂಡರ್. 2024ರಲ್ಲಿ ಹೊಸದಾಗಿ ಬಂದ ಪೆಂಟಾಕ್ಸ್ 17 ಕೂಡ ರೇಂಜ್‌ಫೈಂಡರ್ ಅಲ್ಲ. ಅದರಲ್ಲಿ ದೂರವನ್ನು ಅಂದಾಜಿನಲ್ಲಿ ಇಡಬೇಕು, ಒಂದು ಫ್ರೇಮಿನ ಜಾಗದಲ್ಲಿ ಎರಡು ಚಿತ್ರ ಕೂರುತ್ತವೆ.

ಹೊಸತೇ ಬೇಕು ಅಂದರೆ ದಾರಿ ಬಹಳ ಕಿರಿದು. ಲೈಕಾ ಕಂಪನಿ 1984ರ ಎಂ6 ಅನ್ನು 2022ರಲ್ಲಿ ಮತ್ತೆ ತಯಾರಿಸಲು ಶುರುಮಾಡಿತು. ಅದೇ ಕಂಪನಿಯ ಎಂಪಿ, ಎಂ-ಎ ಕೂಡ ಸಿಗುತ್ತವೆ. ಎಂ6ರ ಶಟರ್ (ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಪರದೆ) ಪೂರ್ತಿ ಯಾಂತ್ರಿಕ, ಸೆಲ್ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ. ಕಿಟಕಿ ನೋಡಿದರೆ ಮನಸ್ಸು ತುಂಬುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಬಾಡಿಗೇ ಕೆಲವು ಲಕ್ಷ, ಲೆನ್ಸಿಗೆ ಮತ್ತೆ ಬೇರೆ ದುಡ್ಡು. ಈ ರೀತಿಯ ನೋಟ ತನಗೆ ಒಗ್ಗುತ್ತದೆಯೇ ಎಂದು ಇನ್ನೂ ತಿಳಿಯದವರು ಅಷ್ಟು ಸುರಿಯಬಾರದು. ಆ ಹಣದಲ್ಲಿ ಒಂದು ಕ್ಯಾನೊನೆಟ್ ಕೊಂಡು, ಪೂರ್ತಿ ಸರ್ವೀಸ್ ಮಾಡಿಸಿ, ವರ್ಷಗಟ್ಟಲೆ ರೀಲು ಓಡಿಸಬಹುದು.

ಕ್ಯಾನೊನೆಟ್ ಜಿ-3 ಬಂದದ್ದು 1972ರಲ್ಲಿ. 40 ಎಂಎಂ ಲೆನ್ಸ್, ಎಫ್ 1.7. ಶಟರ್ ಲೆನ್ಸಿನೊಳಗೇ ಇದೆ, ವೇಗ 1/4ರಿಂದ 1/500. ತೂಕ 620 ಗ್ರಾಂ. ಆಟೋದಲ್ಲಿ ಇಟ್ಟರೆ ವೇಗ ನೀವು ಆರಿಸುತ್ತೀರಿ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ತೂತು; ಎಫ್ ಅಂಕಿ ಕಡಿಮೆಯಾದಷ್ಟು ಅದು ದೊಡ್ಡದು) ಅದು ಆರಿಸುತ್ತದೆ; ಬೆಳಕು ಅದರ ಮಿತಿ ದಾಟಿದರೆ ಶಟರ್ ಒತ್ತಲು ಬಿಡುವುದಿಲ್ಲ. ಸೆಲ್ ಸತ್ತರೆ ಅಪರ್ಚರ್ ರಿಂಗನ್ನು ಆಟೋದಿಂದ ತೆಗೆದು ನಿಮ್ಮ ಲೆಕ್ಕದಲ್ಲೇ ಹೊಡೆಯಬಹುದು. ಆಗ ಮೀಟರ್ ಮಾತ್ರ ಇರುವುದಿಲ್ಲ, ಎಲ್ಲ ವೇಗಗಳೂ ಇರುತ್ತವೆ. ಒಂದು ಸಣ್ಣ ಅನುಕೂಲವನ್ನು ಬಹಳ ಜನ ಗಮನಿಸುವುದಿಲ್ಲ: ಬೆಳಕಿನ ಕಣ್ಣು ಲೆನ್ಸಿನ ರಿಂಗಿನೊಳಗೇ ಇರುವುದರಿಂದ, ಮುಚ್ಚಳ ತೆಗೆಯಲು ಮರೆತರೆ ಆಟೋದಲ್ಲಿ ಶಟರ್ ಬೀಳುವುದಿಲ್ಲ. ರೇಂಜ್‌ಫೈಂಡರ್‌ನ ಕಿಟಕಿಯಲ್ಲಿ ಮುಚ್ಚಳ ಕಾಣದ ಕಾರಣ ಹೊಸಬರ ಮೊದಲ ರೀಲು ಖಾಲಿ ಹೋಗುವುದು ಹೆಚ್ಚಾಗಿ ಹೀಗೆಯೇ.

ಇದರ ತೊಂದರೆ ಸೆಲ್ಲಿನದು. 1.35 ವೋಲ್ಟಿನ ಪಾದರಸದ ಸೆಲ್ಲಿಗೆಂದು ಮಾಡಿದ ಮೀಟರ್ ಇದು. ಆ ಸೆಲ್ ಈಗ ತಯಾರಾಗುವುದಿಲ್ಲ. ವಾಚ್ ಅಂಗಡಿಯ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎಂದುಕೊಳ್ಳುತ್ತದೆ, ಚಿತ್ರ ಕಪ್ಪಾಗುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುತ್ತದೆ, ಅದು ಸಾಕು. ಅದರ ಅಗಲ ಕಡಿಮೆ, ಸುತ್ತ ಒಂದು ರಬ್ಬರ್ ರಿಂಗ್ ಕೂರಿಸಬೇಕು. ಸ್ಟಿಕ್ಕರ್ ಕಿತ್ತ ದಿನದಿಂದ ಅದು ಒಣಗಲು ಶುರು, ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಇನ್ನೂ ಬೇಗ. ಹಾಗಾಗಿ ಒಂದು ಪಟ್ಟಿಯನ್ನೇ ತಂದಿಟ್ಟುಕೊಳ್ಳಿ, ರೀಲು ಹಾಕುವಾಗಷ್ಟೇ ಸ್ಟಿಕ್ಕರ್ ಕೀಳಿ. ಕೊಳ್ಳುವಾಗ ಹೆಸರನ್ನು ಪೂರ್ತಿ ಓದಿ: ಕ್ಯಾನೊನೆಟ್ 28 ನೋಡಲು ಇದರ ತಮ್ಮನಂತಿದೆ, ಆದರೆ ಅದರಲ್ಲಿ ವೇಗವನ್ನು ನೀವೇ ಇಡುವ ವ್ಯವಸ್ಥೆ ಇಲ್ಲ.

ಎರಡನೆಯದು ಯಾಷಿಕಾ ಎಲೆಕ್ಟ್ರೋ 35 ಜಿಎಸ್ಎನ್, 1973ರದ್ದು. 45 ಎಂಎಂ, ಎಫ್ 1.7 ಲೆನ್ಸ್, 750 ಗ್ರಾಂ ತೂಕ. ಬೆಲೆಯಲ್ಲಿ ಸಾಮಾನ್ಯವಾಗಿ ಕ್ಯಾನೊನೆಟ್‌ಗಿಂತ ಕಡಿಮೆ, ಚಿತ್ರದಲ್ಲಿ ಕಡಿಮೆ ಏನಿಲ್ಲ. ಅಪರ್ಚರ್ ನೀವು ಇಟ್ಟರೆ ವೇಗವನ್ನು ಅದು ಹಿಡಿಯುತ್ತದೆ. ಹಳದಿ ದೀಪ ಬಂದರೆ ಕೈ ಅದುರುವಷ್ಟು ನಿಧಾನ, ಕೆಂಪು ಬಂದರೆ ಬೆಳಕು ಹೆಚ್ಚು. ಸಂಜೆಯ ದೀಪದ ಬೆಳಕಿನಲ್ಲಿ ಇದರ ಮೀಟರ್ ಬಹಳ ನಂಬಿಕಸ್ಥ. ಆದರೆ ಸೆಲ್ ಇಲ್ಲದಿದ್ದರೆ 1/500 ಒಂದೇ ವೇಗ. ಮೂಲದ 5.6 ವೋಲ್ಟಿನ ಸೆಲ್ ಬದಲಿಗೆ 6 ವೋಲ್ಟಿನ 4ಎಲ್ಆರ್44 ಅನ್ನು ಒಂದು ಅಡಾಪ್ಟರಿನಲ್ಲಿ ಕೂರಿಸಿದರೆ ನಡೆಯುತ್ತದೆ.

ಜಿಎಸ್ಎನ್ ಕೊಳ್ಳುವವರು ಕಿವಿಯಿಂದ ಪರೀಕ್ಷೆ ಮಾಡಬೇಕು. ಒಳಗೆ ಒಂದು ಸಣ್ಣ ರಬ್ಬರ್ ತುಂಡು ಇದೆ. ವಯಸ್ಸಾದಂತೆ ಪುಡಿಯಾಗುತ್ತದೆ, ಆಮೇಲೆ ವೇಗದ ಲೆಕ್ಕವೇ ತಪ್ಪುತ್ತದೆ. ರಬ್ಬರ್ ಸರಿಯಿದ್ದರೆ ರೀಲು ತಿರುವುವ ಲಿವರ್ ಎಳೆದಾಗ ಒಳಗಿನಿಂದ ‘ಟಕ್’ ಎಂದು ಗಟ್ಟಿ ಸದ್ದು ಬರುತ್ತದೆ. ಸದ್ದಿಲ್ಲದಿದ್ದರೆ, ಕೆಂಪು ದೀಪ ಕತ್ತಲಲ್ಲೂ ಆರದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬಿಡಿ. ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಇದ್ದರೆ ಒಳಗಿನ ತಂತಿಯೂ ತಿಂದಿರಬಹುದು. ಇದರ ಬೆಳಕಿನ ಕಣ್ಣು ಲೆನ್ಸಿನಲ್ಲಿಲ್ಲ, ಮೇಲಿನ ಮುಖದಲ್ಲಿದೆ. ಮುಚ್ಚಳ ಮರೆತರೆ ಇದು ಎಚ್ಚರಿಸುವುದಿಲ್ಲ; ಬಣ್ಣದ ಫಿಲ್ಟರ್ ಹಾಕಿದರೆ ನೀವೇ ಐಎಸ್ಒ (ರೀಲು ಬೆಳಕು ಹಿಡಿಯುವ ಶಕ್ತಿಯ ಅಂಕಿ) ಇಳಿಸಬೇಕು.

ರಷ್ಯಾದ ಜೋರ್ಕಿ 4 ಅಗ್ಗ, ಲೆನ್ಸ್ ಬದಲಿಸಬಹುದು, ಸೆಲ್ಲೇ ಬೇಡ. ಆದರೂ ಮೊದಲನೆಯದಾಗಿ ಬೇಡ ಅನ್ನುತ್ತೇವೆ. ವೇಗ ಬದಲಿಸುವುದಿದ್ದರೆ ಮೊದಲು ರೀಲು ತಿರುವಿ, ಆಮೇಲೆ ಬದಲಿಸಬೇಕು. ಉಲ್ಟಾ ಮಾಡಿದರೆ ಒಳಗಿನ ಯಂತ್ರ ಹಾಳು. ಅದರ ಶಟರ್ ರಬ್ಬರ್ ಬಳಿದ ಬಟ್ಟೆಯದು. ಲೆನ್ಸ್ ಮುಚ್ಚದೆ ಕೊರಳಲ್ಲಿ ನೇತುಹಾಕಿಕೊಂಡು ಬಿಸಿಲಲ್ಲಿ ನಿಂತರೆ, ಮುಂದೆ ಕನ್ನಡಿ ಇಲ್ಲದ ಕಾರಣ ಲೆನ್ಸ್ ಸೂರ್ಯನನ್ನು ನೇರ ಬಟ್ಟೆಯ ಮೇಲೆ ಕೂರಿಸುತ್ತದೆ, ಸೂಜಿಯಷ್ಟು ತೂತು ಸುಡುತ್ತದೆ. ಲೈಕಾದ ಬಟ್ಟೆಯ ಶಟರಿಗೂ ಇದೇ ಅಪಾಯ. ಇನ್ನೊಂದು ಮಾತು: ಚಿನ್ನದ ಬಣ್ಣ ಬಳಿದು, ಯುದ್ಧಕಾಲದ ಮುದ್ರೆ ಒತ್ತಿದ ‘ಲೈಕಾ’ ಅಗ್ಗಕ್ಕೆ ಸಿಕ್ಕರೆ ಅದು ಬಹುಪಾಲು ಜೋರ್ಕಿ ಅಥವಾ ಫೆಡ್ ಕ್ಯಾಮೆರಾಕ್ಕೆ ಹಾಕಿದ ವೇಷ.

ಲೆನ್ಸ್ ಬದಲಿಸಲೇಬೇಕು ಎನ್ನುವವರಿಗೆ ಕೊಸಿನಾ ಕಂಪನಿ ಮಾಡಿದ ಬೆಸ್ಸಾ ಒಳ್ಳೆಯದು. ಆರ್, ಆರ್2, ಆರ್2ಎಂ, ಆರ್3ಎಂ ಶಟರ್‌ಗಳು ಯಾಂತ್ರಿಕ. ಆರ್2ಎ, ಆರ್3ಎ ಸೆಲ್ ಇಲ್ಲದೆ ನಡೆಯವು. ಹೆಸರಿನ ಕೊನೆಯ ಅಕ್ಷರ ನೋಡದೆ ದುಡ್ಡು ಕೊಡಬೇಡಿ.

ಇನ್ನು ಪರೀಕ್ಷೆ. ಹೋಗುವಾಗ ಒಂದು ಮೊಬೈಲ್, ಒಂದು ಅಳತೆ ಟೇಪು, ಹೊಸ ಸೆಲ್ ಸಾಕು. ಮೊದಲು ಪ್ಯಾಚ್, ಏಕೆಂದರೆ ಉಳಿದದ್ದನ್ನು ಹೇಗಾದರೂ ಸುಧಾರಿಸಬಹುದು, ಪ್ಯಾಚ್ ಮಾಸಿಹೋಗಿದ್ದರೆ ಆ ಕ್ಯಾಮೆರಾದಿಂದ ಏನೂ ಪ್ರಯೋಜನವಿಲ್ಲ. ಬಿಂಬ ಅಡ್ಡಕ್ಕೆ ಸರಿಯುವುದರಿಂದ ನೋಡಲು ನಿಂತ ಗೆರೆ ಬೇಕು. ದಾವಣಗೆರೆಯಲ್ಲಾದರೆ ಗಾಜಿನ ಮನೆಯ ಚೌಕಟ್ಟು, ಚಿತ್ರದುರ್ಗದಲ್ಲಾದರೆ ಗುಡ್ಡದ ಮೇಲಿನ ಗಾಳಿಯಂತ್ರದ ಕಂಬ. ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿದಾಗ ದೂರದ ಕಂಬ ಕೂದಲಿನಷ್ಟೂ ಬಿಡದೆ ಒಂದಾಗಬೇಕು. ಬಿಂಬ ಮೇಲೆ ಕೆಳಗೆ ಜಾರಿದ್ದರೆ ಫೋಕಸ್ ಮಾಡಬಹುದು, ಆದರೆ ಕಣ್ಣು ನೋಯುತ್ತದೆ. ಅಂಥದ್ದು ಎಂದೋ ಬಿದ್ದ ಕ್ಯಾಮೆರಾ ಆಗಿರುವುದೇ ಹೆಚ್ಚು. ಆಮೇಲೆ ಟೇಪು ಹಿಡಿದು, ಫಿಲ್ಮ್ ಕೂರುವ ಹಿಂಭಾಗದಿಂದ ಒಂದು ಮೀಟರ್ ಅಳೆದು, ಪ್ಯಾಚ್ ಕೂಡಿಸಿ, ಲೆನ್ಸಿನ ಮೇಲಿನ ಅಂಕಿ ಓದಿ. ಎಫ್ 1.7ರಲ್ಲಿ ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಬರುವುದು ಸುಮಾರು 6 ಸೆಂಟಿಮೀಟರ್ ಮಾತ್ರ. ಅಂಕಿ ಒಂದು ಗೇಣು ತಪ್ಪಿದರೆ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ.

ಎರಡನೆಯದು ಶಟರ್. ಹಿಂದಿನ ಬಾಗಿಲು ತೆರೆದು ಲೆನ್ಸನ್ನು ಬೆಳಕಿಗೆ ಹಿಡಿದು, ಮೊಬೈಲಿನ ಸ್ಲೋ-ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ಚಿತ್ರಿಸಿ. ಶಟರ್ ತೆರೆದಿರುವ ಫ್ರೇಮ್ ಎಣಿಸಿ: 1/15ಕ್ಕೆ 16, 1/30ಕ್ಕೆ 8, 1/60ಕ್ಕೆ 4. ಒಂದೆರಡು ಹೆಚ್ಚುಕಡಿಮೆ ಆದರೆ ಅಡ್ಡಿಯಿಲ್ಲ. 1/4ರಲ್ಲಿ ತೆರೆದು ಮುಚ್ಚಲು ತಿಣುಕಿದರೆ, ಇಲ್ಲವೇ ಅಲಗುಗಳ ಮೇಲೆ ಎಣ್ಣೆಯ ಹೊಳಪು ಕಂಡರೆ, ಸರ್ವೀಸ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟ ಕ್ಯಾಮೆರಾದಲ್ಲಿ ಗ್ರೀಸು ಕರಗಿ ಅಲಗಿಗೆ ಹರಿಯುತ್ತದೆ. ಕೊಂಡ ಮೇಲೂ ಇದನ್ನು ನೆನಪಿಡಿ.

ಲೆನ್ಸಿನ ಬೂಷ್ಟು ನೋಡಲು ವೇಗವನ್ನು ‘ಬಿ’ಗೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಗುಂಡಿ ಒತ್ತಿಹಿಡಿದು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ನಮ್ಮ ಒಣ ಹವೆಯಲ್ಲಿ ಉಳಿದವು ಕರಾವಳಿಯಲ್ಲಿ ಉಳಿದವಕ್ಕಿಂತ ಈ ವಿಷಯದಲ್ಲಿ ವಾಸಿ; ಮಾರುವವರನ್ನು ಕ್ಯಾಮೆರಾ ಇಷ್ಟು ವರ್ಷ ಯಾವ ಊರಿನಲ್ಲಿತ್ತು ಎಂದು ಕೇಳಲೇಬೇಕು. ನಾಲ್ಕಾರು ಧೂಳಿನ ಕಣಕ್ಕೆ ಹೆದರಬೇಡಿ, ಚಿತ್ರದಲ್ಲಿ ಕಾಣುವುದಿಲ್ಲ.

ಬಾಗಿಲಿನ ಅಂಚಿನ ತೋಡಿನಲ್ಲಿರುವ ಕಪ್ಪು ಸ್ಪಂಜು ಡಾಂಬರಿನಂತೆ ಅಂಟುತ್ತಿದ್ದರೆ ಅದು ದೋಷವಲ್ಲ, ವಯಸ್ಸು. ಬಿದಿರು ಕಡ್ಡಿ, ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಕೆರೆದು ತೆಗೆದು, ಆ ತೋಡಿಗೆ ಕಪ್ಪು ಉಲ್ಲನ್ ದಾರ ಕೂರಿಸಿದರೆ ಬೆಳಕು ನುಸುಳುವುದಿಲ್ಲ. ಒಂದು ಸಂಜೆಯ ಕೆಲಸ. ಪುಡಿ ಶಟರಿನ ಮೇಲೆ ಬೀಳದಂತೆ ಕ್ಯಾಮೆರಾವನ್ನು ಬೋರಲು ಹಿಡಿದು ಕೆರೆಯಿರಿ.

ಕೊಂಡ ಮೇಲೆ ಮೊದಲ ರೀಲು ಪರೀಕ್ಷೆಯ ರೀಲು, ನೆಂಟರ ಮದುವೆಗೆ ಒಯ್ಯಬೇಡಿ. ಕ್ಯಾನೊನೆಟ್‌ನಲ್ಲಿ ರೀಲಿನ ತುದಿಯನ್ನು ಕೆಂಪು ಗುರುತಿನವರೆಗೆ ಎಳೆದು ಬಾಗಿಲು ಹಾಕಿದರೆ ತಾನೇ ಹಿಡಿದುಕೊಳ್ಳುತ್ತದೆ. ಲಿವರ್ ಎಳೆದಾಗ ಎಡಗಡೆಯ, ರೀಲು ಹಿಂದಕ್ಕೆ ಸುತ್ತುವ ಗುಂಡಿ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ರೀಲು ಸಿಕ್ಕಿಲ್ಲ. ನಡು ಹಗಲಿನ ಕೋಟೆಗೆ ಐಎಸ್ಒ 400 ಹಾಕಬೇಡಿ: ಆ ಬಿಸಿಲಿಗೆ 1/500, ಎಫ್ 16, ಅಲ್ಲಿಗೆ ಕ್ಯಾಮೆರಾದ ಮಿತಿ ಮುಗಿಯಿತು. ಐಎಸ್ಒ 100 ಅಥವಾ 200 ಹಾಕಿ. ಎಫ್ 11ರಲ್ಲಿ ಫೋಕಸನ್ನು 5 ಮೀಟರಿಗೆ ಇಟ್ಟರೆ ಎರಡೂವರೆ ಮೀಟರಿನಿಂದ ಅನಂತದವರೆಗೆ ಎಲ್ಲ ಸ್ಪಷ್ಟ; ಕೋಟೆಯ ಬಾಗಿಲುಗಳಲ್ಲಿ ನಡೆಯುತ್ತ ಪ್ಯಾಚ್ ನೋಡದೆಯೇ ಹೊಡೆಯಬಹುದು. ಒನಕೆ ಓಬವ್ವನ ಕಿಂಡಿಯ ನೆರಳಲ್ಲಿ ಮಾತ್ರ ಮೀಟರ್ ನಂಬಬೇಡಿ. ಹಿಂದಿನ ಬಂಡೆಯ ಬಿಸಿಲು ಚೌಕಟ್ಟಿನೊಳಗೆ ಬಂದರೆ ಅದು ಬಿಸಿಲಿಗೇ ಲೆಕ್ಕ ಹಾಕುತ್ತದೆ, ನೆರಳು ಮಸಿಯಾಗುತ್ತದೆ. ಎರಡು ಸ್ಟಾಪ್ ಹೆಚ್ಚು, ಅಂದರೆ ನಾಲ್ಕು ಪಟ್ಟು ಬೆಳಕು ಕೊಡಿ.

ಪ್ರತಿ ಫ್ರೇಮಿನ ವೇಗ, ಅಪರ್ಚರ್, ದೂರ ಚೀಟಿಯಲ್ಲಿ ಬರೆದಿಡಿ. ಕಪ್ಪು-ಬಿಳುಪಾದರೆ ಮನೆಯಲ್ಲೇ ತೊಳೆಯಬಹುದು: ಇಲ್ಫರ್ಡ್ ಎಚ್‌ಪಿ5 ಅನ್ನು ಡಿ-76 ಎಂಬ ಡೆವಲಪರಿಗೆ (ರೀಲು ತೊಳೆಯುವ ದ್ರಾವಣ) ಸಮಪಾಲು ನೀರು ಬೆರೆಸಿ 20 ಡಿಗ್ರಿಯಲ್ಲಿ 11 ನಿಮಿಷ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು 20 ಡಿಗ್ರಿಗೆ ಇಳಿಯಬೇಕಾದರೆ ಸುತ್ತ ಐಸ್ ಇಡಬೇಕು. ಬೋರ್‌ವೆಲ್ ನೀರಿನ ಗಡಸು ಒಣಗಿದಾಗ ಬಿಳಿ ಕಲೆ ಬಿಡುತ್ತದೆ, ಕೊನೆಯ ಜಾಲಾಟ ಡಿಸ್ಟಿಲ್ಡ್ ನೀರಿನಲ್ಲಿ ಮಾಡಿ. ನೆಗೆಟಿವ್ ಒಣಗಿದ ಮೇಲೆ ಚೀಟಿ ಜೊತೆಗಿಟ್ಟು ನೋಡಿ. ಅಂಚಿನಿಂದ ಒಳಗೆ ಹರಿದ ಕಪ್ಪು ಹೊಗೆ ಇದ್ದರೆ ಬಾಗಿಲಿನ ದಾರ ಮತ್ತೆ ಕೂರಿಸಿ. ಒಂದರ ಮೇಲೊಂದು ಫ್ರೇಮ್ ಹತ್ತಿದ್ದರೆ ತಿರುವುವ ಹಲ್ಲು ಸವೆದಿದೆ. ಆಟೋದ ಫ್ರೇಮ್‌ಗಳೆಲ್ಲ ತೆಳುವಾಗಿದ್ದು ನೀವೇ ಇಟ್ಟವು ಸರಿಯಿದ್ದರೆ ಸೆಲ್ ಬದಲಿಸಿ. ಹತ್ತಿರದವು ಮಬ್ಬಾಗಿ ದೂರದವು ಸ್ಪಷ್ಟವಿದ್ದರೆ ತಪ್ಪು ಪ್ಯಾಚ್‌ನದು. ಅದಕ್ಕೆ ಮೇಲಿನ ತಗಡು ಬಿಚ್ಚಬೇಕು, ಆ ಒಂದು ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡದೆ ಗೊತ್ತಿರುವವರಿಗೆ ಕಳಿಸಿ, ಜೊತೆಗೆ ಆ ನೆಗೆಟಿವ್ ಮತ್ತು ಚೀಟಿಯನ್ನೂ ಇಟ್ಟು ಕಳಿಸಿ.