ಲೋಯರ್ ಆರ್ಮ್ ಮನೆಯಲ್ಲೇ ಬದಲಿಸುತ್ತೀರಾ? ಚಕ್ರ ಜೋತಿರುವಾಗ ಬುಷ್ ಬೋಲ್ಟ್ ಬಿಗಿಯಬೇಡಿ

ಒಂದು ಕಾರು. ಚಕ್ರದ ಬುಡವನ್ನು ಫ್ರೇಮಿಗೆ ಜೋಡಿಸುವ ತೋಳುಗಳಾದ ಲೋಯರ್ ಆರ್ಮ್‌ಗಳನ್ನು ಮಳೆಗಾಲಕ್ಕೆ ಮುಂಚೆ ಮನೆಯಲ್ಲೇ ಹೊಸದಾಗಿ ಹಾಕಿದ್ದರು. ದಸರಾ ಹೊತ್ತಿಗೆ ಹಂಪ್ ಹತ್ತಿಸಿದರೆ ಮತ್ತೆ ಅದೇ ಟಕಟಕ, ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಎತ್ತಿ ನೋಡಿದರೆ ಎಡಗಡೆ ಆರ್ಮನ್ನು ಫ್ರೇಮಿಗೆ ಹಿಡಿಸುವ ಬುಷ್‌ನ ರಬ್ಬರ್ ಒಳಗಿನ ಕೊಳವೆಯಿಂದ ಅರ್ಧ ಸುತ್ತು ಕಿತ್ತು ಬಂದಿತ್ತು. ಬಲಗಡೆಯದು ಬಿರುಕು ಬಿಟ್ಟಿತ್ತು. ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟ ಎಂದು ಮಾಲೀಕರ ದೂರು. ಮಾಲು ಅಸಲಿಯೇ. ಕೆಡಿಸಿದ್ದು ಬೋಲ್ಟ್ ಬಿಗಿದ ರೀತಿ. ಪೋರ್ಟಿಕೋದಲ್ಲಿ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆರ್ಮ್ ಕೆಳಕ್ಕೆ ಜೋತಿರುವಾಗಲೇ ಎಲ್ಲ ಬೋಲ್ಟುಗಳನ್ನೂ ಪೂರ್ತಿ ಬಿಗಿದು, ಆಮೇಲೆ ಚಕ್ರ ಹಾಕಿ ಇಳಿಸಿದ್ದರು.

ಇಲ್ಲಿ ಹೇಳುತ್ತಿರುವುದು ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಸಸ್ಪೆನ್ಷನ್ ಬಗ್ಗೆ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬವೇ ಸ್ಟ್ರಟ್. ಇದರ ಆರ್ಮ್ ಬುಷ್ ಬೇರಿಂಗ್‌ನಂತೆ ತಿರುಗುವ ವಸ್ತುವಲ್ಲ. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡಿರುವ ರಬ್ಬರ್. ಬೋಲ್ಟ್ ಬಿಗಿದೊಡನೆ ಒಳಗಿನ ಕೊಳವೆ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಳ್ಳುವುದರಿಂದಲೇ. ಯಾವ ಸ್ಥಿತಿಯಲ್ಲಿ ಬಿಗಿದಿರೋ ಅದೇ ಅದರ ಸೊನ್ನೆ. ಆರ್ಮ್ 330 ಮಿ.ಮೀ. ಉದ್ದವಿದ್ದು, ಅದರ ತುದಿ 80 ಮಿ.ಮೀ. ಕೆಳಗೆ ಜೋತಿತ್ತು ಎಂದುಕೊಳ್ಳಿ. ಕಾರು ನೆಲಕ್ಕಿಳಿದಾಗ ರಬ್ಬರ್ ಸುಮಾರು 14 ಡಿಗ್ರಿ ತಿರುಚಿಕೊಂಡೇ ನಿಲ್ಲುತ್ತದೆ. ಗ್ಯಾರೇಜಿನಲ್ಲಿ ಸುಮ್ಮನೆ ನಿಂತಾಗಲೂ ಅಷ್ಟೇ. ಅದರ ಮೇಲೆ ಗುಂಡಿಯ ಹೊಡೆತ ಬೇರೆ. ಹರಿಯದೆ ಇನ್ನೇನಾಗುತ್ತದೆ?

ಸರಿಯಾದ ಕ್ರಮ ಕಷ್ಟದ್ದಲ್ಲ. ಬಿಚ್ಚುವ ಮೊದಲೇ, ಕಾರು ಸಮನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ, ಹಬ್‌ನ ನಡುವಿನಿಂದ ನೇರ ಮೇಲಿರುವ ಫೆಂಡರ್ ಅಂಚಿಗೆ ಟೇಪ್ ಹಿಡಿದು ಎರಡೂ ಬದಿಯ ಅಳತೆ ಬರೆದಿಟ್ಟುಕೊಳ್ಳಿ. ಹೊಸ ಆರ್ಮ್ ಕೂರಿಸಿದ ಮೇಲೆ ಬುಷ್ ಬೋಲ್ಟುಗಳನ್ನು ಆಟವಿಲ್ಲದಷ್ಟು ಮಾತ್ರ ಹಿಡಿಸಿ. ಆರ್ಮ್‌ನ ಹೊರತುದಿಯ ಗುಂಡುಕೀಲು, ಅಂದರೆ ಬಾಲ್ ಜಾಯಿಂಟ್, ಜೋಡಿಸಿದ ಬಳಿಕ ಅದರ ಕೆಳಗೆ ಮರದ ತುಂಡಿಟ್ಟು ಟ್ರಾಲಿ ಜಾಕ್‌ನಿಂದ ಮೆಲ್ಲಗೆ ಎತ್ತುತ್ತಾ ಹೋಗಿ. ಬರೆದಿಟ್ಟ ಅಳತೆ ಬಂದಾಗ ನಿಲ್ಲಿಸಿ, ಆಗ ಟಾರ್ಕ್ ರೆಂಚ್ (ಬಿಗಿಯುವ ಬಲ ಅಳೆಯುವ ಪಾನಾ) ಹಾಕಿ ಪೂರ್ತಿ ಬಿಗಿಯಿರಿ. ಆ ಅಳತೆ ಬರುವ ಮೊದಲೇ ಬಾಡಿ ಸ್ಟ್ಯಾಂಡ್ ಬಿಟ್ಟು ಏಳತೊಡಗಿದರೆ ಮುಂದುವರಿಯಬೇಡಿ. ಚಕ್ರ ಹಾಕಿ, ಕಾರನ್ನು ಗಟ್ಟಿಯಾದ ರ್‍ಯಾಂಪ್ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು ಬಿಗಿಯಿರಿ. ಟಾರ್ಕ್ ಎಷ್ಟೆಂಬುದನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಡಿಕ್ಕಿಯಲ್ಲಿ ಬರುವ ಜಾಕ್ ಟೈರ್ ಬದಲಿಸಲಿಕ್ಕೆ ಮಾತ್ರ, ಅದನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಅದೇ ಕಾರಿನಲ್ಲಿ ಬಾಲ್ ಜಾಯಿಂಟ್‌ನ ರಬ್ಬರ್ ಬೂಟ್ ಕೂಡ ಸೀಳಿತ್ತು. ಜಾಯಿಂಟ್ ಬಿಡಿಸಲು ಕವಲು ಉಳಿ ಹಾಕಿ ಸುತ್ತಿಗೆಯಲ್ಲಿ ಬಡಿದ ಗುರುತು ಅದು. ಬೂಟ್ ಸೀಳಿದರೆ ಗ್ರೀಸ್ ಹೊರಗೆ, ಕೆಸರು ಒಳಗೆ. ಎಸೆಯುವ ಜಾಯಿಂಟ್‌ಗಾದರೆ ಉಳಿ ಸರಿ, ಉಳಿಸಿಕೊಳ್ಳುವ ಜಾಯಿಂಟ್‌ಗೆ ಸ್ಕ್ರೂ ಇರುವ ಪುಲ್ಲರ್ ಬೇಕು. ನಕಲ್‌ನ (ಚಕ್ರದ ಹಬ್ಬನ್ನು ಹೊತ್ತ ಲೋಹದ ಭಾಗ) ಸೀಳಿಗೆ ಅಡ್ಡ ಬೋಲ್ಟ್ ಹಾಕಿ ಜಾಯಿಂಟ್ ಹಿಡಿಸುವ ಬಗೆಯಾದರೆ ಆ ಸೀಳನ್ನು ಉಳಿ ಹೊಡೆದು ಅತಿಯಾಗಿ ಅಗಲಿಸಬೇಡಿ, ಸೀಳಿನ ಪಕ್ಕದ ಲೋಹ ಬಿರಿಯುತ್ತದೆ. ಹೊಸ ಜಾಯಿಂಟ್‌ನ ಕಡ್ಡಿ ಪೂರ್ತಿ ಒಳಹೋದರೆ ಮಾತ್ರ ಅದರ ಮೇಲಿನ ತೋಡು ಬೋಲ್ಟ್ ತೂತಿಗೆ ಎದುರಾಗುತ್ತದೆ, ಬೋಲ್ಟ್ ಕೈಯಲ್ಲೇ ಜಾರಿ ಹೋಗುತ್ತದೆ. ಹೋಗದಿದ್ದರೆ ಜಾಯಿಂಟ್ ಕೂತಿಲ್ಲ ಎಂದರ್ಥ. ಬಡಿದು ಕೂರಿಸಿದ್ದು ಒಂದು ದಿನ ಓಡುವಾಗ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಸ್ಪ್ಲಿಟ್ ಪಿನ್ ಇರುವ ನಟ್ ಆದರೆ ತೂತು ಹೊಂದಿಸಲು ನಟ್ಟನ್ನು ಹಿಂದಕ್ಕೆ ತಿರುಗಿಸಬೇಡಿ, ಮುಂದಕ್ಕೇ ಇನ್ನಷ್ಟು ಬಿಗಿಯಿರಿ. ಪಿನ್ ಹೊಸದೇ ಇರಲಿ. ನೈಲಾನ್ ಉಂಗುರದ ನಟ್‌ಗಳೂ ಹೊಸವೇ ಇರಲಿ.

ಜಾಯಿಂಟ್ ಬಿಚ್ಚಿದ ಮೇಲೆ ನಕಲ್ ಹೊರಕ್ಕೆ ವಾಲುತ್ತದೆ. ಕೈ ಬಿಟ್ಟರೆ ಡ್ರೈವ್ ಶಾಫ್ಟ್‌ನ ಒಳಜಾಯಿಂಟ್ ಕಳಚುವುದುಂಟು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿದುಕೊಳ್ಳುವುದುಂಟು. ಒಂದು ತಂತಿ ಕಟ್ಟಿ ಸ್ಟ್ರಟ್‌ಗೆ ತಗುಲಿಸಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿದ್ದರೆ ಅದನ್ನೂ.

ಹೇಗೂ ಬಿಚ್ಚಿದ್ದೇವೆ, ಶಾಕ್ ಅಬ್ಸಾರ್ಬರ್ ಕೂಡ ಹಾಕಿಬಿಡೋಣ ಎಂಬ ಆಸೆ ಬರುತ್ತದೆ. ಅಪಾಯ ನಿಜವಾಗಿ ಇರುವುದು ಇಲ್ಲಿ. ಬಾನೆಟ್ ಎತ್ತಿದರೆ ಸ್ಟ್ರಟ್ ತಲೆಯಲ್ಲಿ ಅಂಚಿಗೆ ಎರಡೋ ಮೂರೋ ನಟ್, ನಡುವೆ ಒಂದು ದೊಡ್ಡ ನಟ್ ಕಾಣುತ್ತವೆ. ಸಾಮಾನ್ಯವಾಗಿ ಬಾಡಿಗೆ ಹಿಡಿದಿರುವುದು ಅಂಚಿನವು. ನಡುವಿನದು ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು. ಹೊರತೆಗೆದ ಸ್ಟ್ರಟ್‌ನ ನಡುವಿನ ನಟ್ಟನ್ನು ಸ್ಪ್ರಿಂಗ್ ಅದುಮುವ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಸ್ಟ್ರಟ್ ತಲೆಯ ಮೌಂಟ್ ಗುಂಡಿನಂತೆ ಹಾರುತ್ತದೆ. ದವಡೆ ಒಡೆಯುತ್ತದೆ, ಜೀವವೂ ಹೋಗಬಹುದು. ಹಗ್ಗ, ಬೈಂಡಿಂಗ್ ವೈರ್ ಕಟ್ಟಿ ಮಾಡುವ ಸಾಹಸ ಬೇಡವೇ ಬೇಡ. ಎರಡು ಕಂಪ್ರೆಸರ್ ಎದುರು ಬದುರು ಹಾಕಿ, ಅದಕ್ಕೊಂದು ಇದಕ್ಕೊಂದು ಸುತ್ತು ಕೊಡುತ್ತಾ, ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ ತಿರುಗುವವರೆಗೆ ಕಾಯಬೇಕು. ಇಂಪ್ಯಾಕ್ಟ್ ಗನ್ ಹಾಕಿ ಕಂಪ್ರೆಸರ್ ಬಿಗಿಯಬೇಡಿ, ಅದರ ಥ್ರೆಡ್‌ಗಳು ಕಿತ್ತು ಬರುತ್ತವೆ. ನಿಜ ಹೇಳಬೇಕೆಂದರೆ ಈ ಒಂದು ಕೆಲಸಕ್ಕೆ ಸ್ಟ್ರಟ್ ಬಿಚ್ಚಿಕೊಂಡು ಗ್ಯಾರೇಜಿಗೆ ಒಯ್ದು, ಗೋಡೆಗೆ ಹಾಕಿದ ಕಂಪ್ರೆಸರ್‌ನಲ್ಲಿ ಮಾಡಿಸಿಕೊಂಡು ಬರುವುದೇ ಜಾಣತನ.

ಸ್ಟ್ರಟ್ ನಕಲ್‌ಗೆ ಸೇರುವ ಎರಡು ಬೋಲ್ಟುಗಳನ್ನು ಸಡಿಲಿಸುವ ಮುನ್ನ ಮೊಳೆಯಲ್ಲಿ ಗೀಟು ಎಳೆದುಕೊಳ್ಳಿ. ಅಲ್ಲಿ ಕೂದಲೆಳೆಯಷ್ಟು ಜಾರಿದರೂ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಬದಲಾಗುತ್ತದೆ. ಎರಡು ಬದಿಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ನ ಲಿಂಕ್ ರಾಡ್‌ನ ನಟ್ ತಿರುಗಿಸಿದಾಗ ಕಡ್ಡಿಯೂ ಜೊತೆಗೆ ತಿರುಗಿದರೆ ಅದರ ತುದಿಯಲ್ಲಿರುವ ಗುಳಿಯೊಳಗೆ ಅಲೆನ್ ಕೀ ಕೊಟ್ಟು ಹಿಡಿಯಿರಿ. ಎರಡೂ ಮುಂಚಕ್ರ ಒಟ್ಟಿಗೆ ಎತ್ತಿದ್ದರೆ ಬಾರ್ ಸೆಟೆದುಕೊಂಡಿರುವುದಿಲ್ಲ, ಲಿಂಕ್ ಸಲೀಸಾಗಿ ಬರುತ್ತದೆ.

ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮೇಲೆ ಹೇಳಿದ ಕಾರಿನಲ್ಲಿ ಅದನ್ನೂ ಬಿಟ್ಟಿದ್ದರು. ಎರಡೂ ಮುಂದಿನ ಟೈರ್‌ಗಳ ಒಳಅಂಚು ನುಣ್ಣಗಾಗಿತ್ತು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಕೈಯಾಡಿಸಿ ನೋಡಬೇಕು. ಬಿಗಿದ ಪ್ರತಿ ನಟ್‌ನಿಂದ ಫ್ರೇಮಿನವರೆಗೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದಿಡಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಯಾವುದು ಸಡಿಲವಾಗಿದೆ ಎಂದು ಗೆರೆಯೇ ಹೇಳುತ್ತದೆ.