ಫೋರ್ಡ್ ಎಫ್-100, ಷೆವರ್ಲೆ ಸಿ-10: ಎರಡನ್ನೂ ಸಾಕಿ ನೋಡಿದ ಮೇಲೆ

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ತಿರ. ಹನ್ನೊಂದು ವರ್ಷದಿಂದ 1970ರ ಫೋರ್ಡ್ ಎಫ್-100 ಪಿಕಪ್ ಓಡಿಸುತ್ತಿದ್ದೇನೆ. ನಡುವೆ ಆರು ವರ್ಷ 1972ರ ಷೆವರ್ಲೆ ಸಿ-10 ಪಿಕಪ್ ಕೂಡ ಮನೆ ಮುಂದೆ ಇತ್ತು. ಎರಡೂ ಷೋಗೆ ಇಟ್ಟ ಗಾಡಿಗಳಲ್ಲ. ಗೊಬ್ಬರ, ಹಲಗೆ, ಗೆಳೆಯರ ಹಳೇ ಸೋಫಾ ಹೊತ್ತ ಗಾಡಿಗಳು. ಎರಡರಲ್ಲೂ ಸಾಲಾಗಿ ಆರು ಸಿಲಿಂಡರ್, ಎರಡರಲ್ಲೂ ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲಿ, ನಮ್ಮ ಹಳೇ ಅಂಬಾಸಿಡರ್ ಥರ. ಹಾಗಾಗಿ ಹೋಲಿಸೋದಕ್ಕೆ ಅನುಕೂಲ.

ಓಡಿಸೋ ಸುಖ ಬೇಕಾದರೆ ಷೆವರ್ಲೆ. ಇದರಲ್ಲಿ ಎರಡು ಮಾತಿಲ್ಲ. ಸಿ-10ಗೆ ಹಿಂದೆಯೂ ಕಾಯಿಲ್ ಸ್ಪ್ರಿಂಗ್. ಫೋರ್ಡ್‌ಗೆ ಲೀಫ್ ಸ್ಪ್ರಿಂಗ್, ನಮ್ಮ ಲಾರಿಗಳ ಕಮಾನು ಪಟ್ಟಿಯೇ. ಖಾಲಿ ಗಾಡಿಯಲ್ಲಿ ಹಂಪ್ ದಾಟಿದರೆ ಯಾವುದು ಯಾವುದು ಅಂತ ಕಣ್ಣು ಮುಚ್ಚಿ ಹೇಳಬಹುದು. ಬ್ರೇಕ್ ಕೂಡ ಹಾಗೇ. 1971ರಿಂದ ಸಿ-10ಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬಂತು. ನನ್ನ ಫೋರ್ಡ್‌ಗೆ ನಾಲ್ಕೂ ಡ್ರಮ್. ಮುಂದಿನ ಗಾಡಿಗೆ ಜಾಸ್ತಿ ಅಂತರ ಬಿಟ್ಟು ಓಡಿಸೋದು ಈಗ ಅಭ್ಯಾಸ ಆಗಿಬಿಟ್ಟಿದೆ.

ಫೋರ್ಡ್‌ನ ಮುಂಭಾಗದ ಕಥೆಯೇ ಬೇರೆ. 1965ರಿಂದ ಅವರು ಟ್ವಿನ್ ಐ-ಬೀಮ್ ಹಾಕಿದರು. ಒಂದೊಂದು ಚಕ್ರಕ್ಕೆ ಒಂದೊಂದು ಕಬ್ಬಿಣದ ತೊಲೆ. ಗಟ್ಟಿ ಅಂದ್ರೆ ಗಟ್ಟಿ. ಆದರೆ ಚಕ್ರ ಮೇಲೆ ಕೆಳಗೆ ಆಡಿದಾಗ ಸ್ವಲ್ಪ ವಾಲುತ್ತದೆ. ಅಲೈನ್‌ಮೆಂಟ್ ಸರಿ ಇಲ್ಲದಿದ್ದರೆ ಟೈರಿನ ಒಂದು ಅಂಚು ಬೋಳು. ಇದನ್ನು ಸರಿ ಮಾಡಬಲ್ಲ ಹಳೇ ಕೈಗಳು ಈಗ ಕಡಿಮೆ.

ಹಾಗಾದ್ರೆ ಫೋರ್ಡ್ ಯಾಕೆ? ಎಂಜಿನ್‌ಗೆ. 300 ಕ್ಯೂಬಿಕ್ ಇಂಚು, ಅಂದರೆ 4.9 ಲೀಟರ್. 1965ರಲ್ಲಿ ಬಂದದ್ದು 1996ರವರೆಗೂ ಫೋರ್ಡ್ ಪಿಕಪ್‌ಗಳಲ್ಲಿ ಉಳಿಯಿತು. ಷೆವರ್ಲೆಯ 250 ಇಂಚಿನದೂ ಕಳಪೆ ಅಲ್ಲ. ಎರಡಕ್ಕೂ ಕ್ರ್ಯಾಂಕ್ ಶಾಫ್ಟ್ ಹೊರುವ ಮೇನ್ ಬೇರಿಂಗ್ ಏಳು, ಎರಡಕ್ಕೂ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸೋ ಟೈಮಿಂಗ್ ಚೈನ್ ಬದಲು ಗೇರು. ಆದರೆ ಹಲಗೆ ತುಂಬಿಕೊಂಡು ಏರು ಹತ್ತುವಾಗ 300 ಎತ್ತಿನ ಹಾಗೆ ಎಳೆಯುತ್ತದೆ, ಆಕ್ಸಿಲರೇಟರ್ ಕೇಳೋದೇ ಇಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಪಕ್ಕ ನಾನೇ ಇಳಿದು ನಿಲ್ಲುವಷ್ಟು ಜಾಗ. ಆರು ಪ್ಲಗ್ ಬದಲಿಸೋದು ಕಾಫಿ ಆರುವುದರೊಳಗೆ ಮುಗಿಯುತ್ತದೆ. ಮೈಲೇಜ್ ಮಾತ್ರ ಕೇಳಬೇಡಿ. ಲೀಟರಿಗೆ ಆರು ಕಿಲೋಮೀಟರ್ ಬಂದರೆ ಹಬ್ಬ.

ಇನ್ನೊಂದು ವಿಷಯ. ಈ ಎರಡರಲ್ಲೂ ಪೆಟ್ರೋಲ್ ಟ್ಯಾಂಕ್ ಇರೋದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೆ! 1973ರ ಹೊಸ ಮಾಡೆಲ್‌ಗಳಲ್ಲಿ ಇಬ್ಬರೂ ಹೊರಗೆ ಹಾಕಿದರು. ಅರ್ಧ ಟ್ಯಾಂಕ್ ಇದ್ದಾಗ ತಿರುವಿನಲ್ಲಿ ಬೆನ್ನ ಹಿಂದೆ ಗುಳುಂ ಅನ್ನುತ್ತದೆ. ನನ್ನವಳು ಫೋರ್ಡ್ ಹತ್ತುವುದು ಕಿಟಕಿ ಇಳಿಸಿದ ಮೇಲೆಯೇ.

ಆ ಕಾಲದ ಗೇರ್ ಲಿವರ್‌ಗೂ ಒಂದು ಚಾಳಿ ಇದೆ, ಕಂಪನಿ ಯಾವುದಾದರೂ ಸರಿ. ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಎರಡು ಲಿಂಕ್ (ಕಡ್ಡಿ) ಬುಶ್ ಸವೆದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಒಮ್ಮೆ ಸಿಗ್ನಲ್‌ನಲ್ಲಿ ಹೀಗಾಯ್ತು. ಹಿಂದಿನವರು ಹಾರ್ನ್ ಒತ್ತುತ್ತಿದ್ದಾರೆ, ನಾನು ಬಾನೆಟ್ ಎತ್ತಿ ಕೈಯಲ್ಲೇ ಲಿಂಕ್ ಬಿಡಿಸುತ್ತಿದ್ದೇನೆ. ಕೈಯೆಲ್ಲ ಗ್ರೀಸ್.

ಅದೇ ಕಾಲದ ಇನ್ನೊಂದು ಪಿಕಪ್ ಡಾಡ್ಜ್ ಡಿ-100 ನಾನು ಸಾಕಿಲ್ಲ, ಗೆಳೆಯನದನ್ನು ಓಡಿಸಿದ್ದೇನೆ ಅಷ್ಟೇ. ಅದರ 225 ಇಂಚಿನ ಸ್ಲ್ಯಾಂಟ್ ಸಿಕ್ಸ್ ಎಂಜಿನ್ 30 ಡಿಗ್ರಿ ವಾಲಿಕೊಂಡು ಕೂತಿರುತ್ತದೆ, ಸಾಯೋದೇ ಇಲ್ಲ. ಆದರೆ ಬಾಡಿ ಪಾರ್ಟ್ಸ್ ಹುಡುಕೋದು ಕಷ್ಟ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಅಂತೂ 1975ಕ್ಕೇ ಪಿಕಪ್ ನಿಲ್ಲಿಸಿತು. ನಮ್ಮೂರ ಕಡೆಯ ಮಹೀಂದ್ರಾ ಬಿ-275 ಟ್ರ್ಯಾಕ್ಟರ್ ಮೂಲ ಇದೇ ಕಂಪನಿಯದು. ಆ ಮೋಹಕ್ಕೆ ಒಂದನ್ನು ಕೊಳ್ಳೋಣ ಅನಿಸಿತ್ತು. ಸುಮ್ನೆ ಆದೆ.

ಕೊಳ್ಳುವವರು ಜೇಬಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಮೊದಲ ಸಲ ನಾನು ಹೊಳೆಯುವ ಬಣ್ಣ ನೋಡಿ ಮುಂಗಡ ಕೊಟ್ಟುಬಿಟ್ಟೆ. ಬಾಗಿಲ ಕೆಳಗಿನ ಮೂಲೆ ತಟ್ಟಿದರೆ ತಗಡಿನ ಸದ್ದೇ ಇಲ್ಲ. ಬೆರಳು ದಪ್ಪ ಪುಟ್ಟಿ, ಅಯಸ್ಕಾಂತ ಅಂಟದ ಮೆತ್ತು, ಅದರ ಹಿಂದೆ ತುಕ್ಕು. ಮಾರುವವನು ಮುಂಗಡ ವಾಪಸ್ ಕೊಡಲೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಒಂದು ಲಾಭ ಇದೆ: 1975 ಮತ್ತು ಅದಕ್ಕಿಂತ ಹಳೇ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಟೆಸ್ಟ್, ಅಂದರೆ ಹೊಗೆ ತಪಾಸಣೆ, ಇಲ್ಲ.

ಜಾಗ ಸಾಲದೆ ಒಂದನ್ನು ಮಾರಬೇಕಾದಾಗ ಷೆವರ್ಲೆ ಕೊಟ್ಟೆ. ಅದಕ್ಕೆ ಗಿರಾಕಿ ಜಾಸ್ತಿ, ಎರಡೇ ದಿನದಲ್ಲಿ ಹೋಯ್ತು. ನನ್ನವಳಿಗೆ ಇನ್ನೂ ಸಿಟ್ಟಿದೆ. ಫೋರ್ಡ್‌ಗೆ ಈಗ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ತಿರುಗೋ ಗೂಟ, ಬದಲಿಸಬೇಕು. ಡಬ್ಬಿ ಬಂದು ಮೂರು ವಾರ ಆಯ್ತು, ಇನ್ನೂ ಬಿಚ್ಚಿಲ್ಲ.