ಜೋಶಿ, ಕುಮಾರ ಗಂಧರ್ವ, ಅಶ್ವತ್ಥ್: ಬಸ್ಸಿನಲ್ಲಿ ಯಾರ ಹಾಡು ಕೇಳೋದು?
ಬಾಗಲಕೋಟೆ–ವಿಜಯಪುರ ಬಸ್ಸಿಗಾದರೆ ಸಿ. ಅಶ್ವತ್ಥ್ ಸುಲಭ. ಹಾಡು ಚಿಕ್ಕದು, ಅವರು ಹಾಡಿದ ಶಿಶುನಾಳ ಶರೀಫರ ಮಾತು ನಮ್ಮ ಕಡೆಯದೇ, ಎಂಜಿನ್ ಗದ್ದಲದಲ್ಲೂ ಆ ಎತ್ತರದ ದನಿ ಕೇಳುತ್ತದೆ.

ಭೀಮಸೇನ ಜೋಶಿಯವರ ಖಯಾಲಿಗೆ, ಅಂದರೆ ಒಂದು ರಾಗವನ್ನು ಬೆಳೆಸುತ್ತಾ ಹೋಗುವ ಹಿಂದೂಸ್ತಾನಿ ಹಾಡಿಕೆಗೆ, ಅರ್ಧ ಗಂಟೆಯಾದರೂ ಬೇಕು. ವಿಲಂಬಿತ ಲಯದಲ್ಲಿ ನಿಧಾನಕ್ಕೆ ಏರಿ, ಆಮೇಲೆ ಒಂದು ತಾನ್ (ವೇಗದ ಸ್ವರಗಳ ಸಾಲು) ಉಸಿರು ಬಿಡದೆ ಓಡಿ ಸರಿಯಾಗಿ ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬಂದು ಬೀಳುವಾಗ ದಾರಿಯ ಕೊಲ್ಹಾರ ಸೇತುವೆ ದಾಟಿದ್ದೂ ಗೊತ್ತಾಗಲ್ಲ.

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರದು ಬೇರೆಯೇ ದಾರಿ. ಕ್ಷಯದಿಂದ ಒಂದು ಶ್ವಾಸಕೋಶ ಕೆಟ್ಟ ಮೇಲೆ ಸಣ್ಣ ಸಣ್ಣ ತುಣುಕಾಗಿ ಹಾಡಿದರು, ಮಧ್ಯೆ ಮೌನ. ಬಸ್ಸಲ್ಲಿ ಅದೆಲ್ಲ ದಂಡ, ಅಲ್ವಾ? ಅವರ ಕಬೀರ ಭಜನೆ ರಾತ್ರಿ ಮನೆಯಲ್ಲಿ ಕೇಳಿ.

ಖರ್ಚಂತೂ ಇಲ್ಲ, ಮೂವರೂ ಯೂಟ್ಯೂಬಲ್ಲಿ ಸಿಗುತ್ತಾರೆ. ಖಯಾಲು ಜಾಸ್ತಿಯಾಯ್ತು ಅನಿಸಿದರೆ ಜೋಶಿಯವರ ದಾಸರ ಪದ ಹಾಕಿ, ಕನ್ನಡವೂ ಆಯ್ತು, ರಾಗವೂ ಆಯ್ತು.